ನಡೆಯಲಾಗದವರು ಊರು ನಡೆಸಬಲ್ಲರೇ? ಅಂಗವೈಕಲ್ಯವಿರುವ ಅಭ್ಯರ್ಥಿಯನ್ನು ಮತದಾರರು ನೋಡುವ ಬಗೆ

2020ರ ಡಿಸೆಂಬರ್. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ. ನಾವಿರುವುದು ಶಿಕಾರಿಪುರದಲ್ಲಿ, ಅಮ್ಮನ ತವರು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಆ ಹಳ್ಳಿಯ ವಾಟ್ಸಾಪ್ ಗ್ರೂಪಿನಲ್ಲಿ ಅಮ್ಮನೂ ಇದ್ದಾರೆ. ಈ ಸಲ ನಮ್ಮ ಸೋದರಮಾವ ನಿಲ್ಲಬಹುದು ಎಂಬ ಸುದ್ದಿ ಹಬ್ಬಿದ ಎರಡನೇ ದಿನ ಗ್ರೂಪಿಗೆ ಒಂದು ಮೆಸೇಜ್ ಬಂತು: "ನೆಟ್ಟಗೆ ನಡೆಯೋಕೆ ಆಗದವರು ಊರು ನಡೆಸ್ತಾರಾ?" ಅದರ ಕೆಳಗೆ ಸಾಲಾಗಿ ನಗುವ ಎಮೋಜಿಗಳು.

ಮಾವನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲು ಸೊರಗಿದೆ. ಸಂಜೆ ಊರಿನ ಹಿರಿಯರೊಬ್ಬರು ಅವರ ಅಂಗಡಿಗೆ ಬಂದು ಸಮಾಧಾನದಿಂದಲೇ ಹೇಳಿದರಂತೆ: "ನಿಂಗ್ಯಾಕೆ ಬೇಕು ಈ ಉಸಾಬರಿ? ಜನ ಒಪ್ಪಲ್ಲ ಕಣೋ." ಮಾವ ನಾಮಪತ್ರ ಹಾಕಲಿಲ್ಲ.

ಆ ಮೆಸೇಜಿಗಿಂತ ನನ್ನನ್ನು ಹೆಚ್ಚು ಕಾಡಿದ್ದು "ಜನ ಒಪ್ಪಲ್ಲ" ಎಂಬ ಮಾತು. ಯಾಕೆಂದರೆ ಜನರನ್ನು ಯಾರೂ ಕೇಳಿರಲೇ ಇಲ್ಲ. ಅಂಗವೈಕಲ್ಯ ಇರುವ ಅಭ್ಯರ್ಥಿಗೆ ಮತದಾರರು ನಿಜಕ್ಕೂ ಮತ ಹಾಕುವುದಿಲ್ಲವೇ? ಈ ಬಗ್ಗೆ ಸಂಶೋಧನೆ ಏನು ಹೇಳುತ್ತದೆ, ನಮ್ಮ ಚುನಾವಣಾ ಇತಿಹಾಸ ಏನು ಹೇಳುತ್ತದೆ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಕೈ, ಕಾಲು, ಕಣ್ಣು, ಕಿವಿಯ ತೊಂದರೆ ಇರುವವರು ಶಾಸಕ ಅಥವಾ ಸಂಸದರಾಗಲು ಸಂವಿಧಾನದಲ್ಲಿ ಯಾವ ಅಡ್ಡಿಯೂ ಇಲ್ಲ.
• ಅಂಗವೈಕಲ್ಯ ಇರುವವರು ಭಾರತದಲ್ಲಿ ಮತ್ತೆ ಮತ್ತೆ ಗೆದ್ದಿದ್ದಾರೆ. ಅನುಕಂಪದ ಅಲೆ ಇಲ್ಲದೆಯೂ ಗೆದ್ದಿದ್ದಾರೆ.
• ಮತದಾರರ ಮನಸ್ಸಿನಲ್ಲಿ ಪೂರ್ವಗ್ರಹ ಇದೆ. ಆದರೆ ಅದು ನಾವು ಅಂದುಕೊಂಡಷ್ಟು ಸರಳವಲ್ಲ, ಪೂರ್ತಿ ನಕಾರಾತ್ಮಕವೂ ಅಲ್ಲ.
• ಹಲವು ಸಲ ಬಾಗಿಲು ಮುಚ್ಚುವುದು ಮತದಾರರಲ್ಲ, ಅವರ ಹೆಸರು ಹೇಳಿಕೊಂಡು ಮೊದಲೇ ತೀರ್ಮಾನಿಸುವವರು.

ಕಾನೂನು ಏನು ಹೇಳುತ್ತದೆ?

ಯಾರು ಸಂಸದರಾಗಬಾರದು ಎಂಬುದನ್ನು ಸಂವಿಧಾನದ 102ನೇ ವಿಧಿ, ಯಾರು ಶಾಸಕರಾಗಬಾರದು ಎಂಬುದನ್ನು 191ನೇ ವಿಧಿ ಹೇಳುತ್ತವೆ. ಅಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಒಂದೇ ಒಂದು ಕಾರಣವಿದೆ. ವ್ಯಕ್ತಿಯ ಚಿತ್ತ ಸ್ವಾಸ್ಥ್ಯ ಸರಿಯಿಲ್ಲ ಎಂದು ಅಧಿಕಾರವುಳ್ಳ ನ್ಯಾಯಾಲಯವೇ ಘೋಷಿಸಿರಬೇಕು. ಎದುರಾಳಿ ವೇದಿಕೆ ಮೇಲೆ ಹೇಳಿದರೆ ಸಾಲದು, ವೈದ್ಯರ ಚೀಟಿಯೂ ಸಾಲದು. ಕಾಲು, ಕಣ್ಣು, ಕಿವಿಯ ಮಾತಂತೂ ಅಲ್ಲಿ ಇಲ್ಲವೇ ಇಲ್ಲ.

ಆದರೆ ಸ್ಥಳೀಯ ಸಂಸ್ಥೆಗಳ ಕಾನೂನುಗಳನ್ನು ಆಯಾ ರಾಜ್ಯಗಳು ಮಾಡುತ್ತವೆ. ಕೆಲವು ರಾಜ್ಯಗಳ ಹಳೆಯ ಕಾಯ್ದೆಗಳಲ್ಲಿ ವಿಚಿತ್ರ ನಿಯಮಗಳು ಉಳಿದುಕೊಂಡಿದ್ದವು. ಒಡಿಶಾದ 1950ರ ಪುರಸಭಾ ಕಾಯ್ದೆ ಕುಷ್ಠರೋಗ ಇರುವವರನ್ನು ಅನರ್ಹಗೊಳಿಸುತ್ತಿತ್ತು. ಅಲ್ಲಿ ಮತದಾರರು ಗೆಲ್ಲಿಸಿದ ವ್ಯಕ್ತಿಯೊಬ್ಬರ ಆಯ್ಕೆ ಇದೇ ಕಾರಣಕ್ಕೆ ರದ್ದಾಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2008ರಲ್ಲಿ ಕೋರ್ಟ್ ಆ ನಿಯಮವನ್ನು ಎತ್ತಿಹಿಡಿಯಿತು. ಆದರೆ ಕುಷ್ಠ ಈಗ ವಾಸಿಯಾಗುವ ಕಾಯಿಲೆ, ಇಂಥ ನಿಯಮ ಇರಬೇಕೇ ಎಂದು ಶಾಸಕಾಂಗ ಯೋಚಿಸಲಿ ಎಂದೂ ಹೇಳಿತು. ಇಲ್ಲಿ ಒಂದು ಅಂಶ ಗಮನಿಸಿ: ಜನ ಆ ವ್ಯಕ್ತಿಯನ್ನು ಒಪ್ಪಿ ಆರಿಸಿದ್ದರು, ಒಪ್ಪದೇ ಇದ್ದದ್ದು ಕಾನೂನು.

ಎಷ್ಟು ಜನ ಇದ್ದಾರೆ? ಯಾರೂ ಎಣಿಸಿಲ್ಲ

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ಜನರಿಗೆ ಒಂದಲ್ಲ ಒಂದು ಅಂಗವೈಕಲ್ಯ ಇದೆ. ಅಂದರೆ ಜನಸಂಖ್ಯೆಯ ಶೇ 2.21. ಕರ್ನಾಟಕದಲ್ಲಿ ಈ ಸಂಖ್ಯೆ 13.24 ಲಕ್ಷ. ಆಗ ಎಣಿಸಿದ್ದು ಕೆಲವೇ ಬಗೆಗಳನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ದೊಡ್ಡದಿರಬೇಕು.

ಮತದಾರರಾಗಿ ಇವರ ಲೆಕ್ಕ ಇದೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಅಂಗವೈಕಲ್ಯ ಇರುವವರಿಗೂ 80 ವರ್ಷ ದಾಟಿದವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಸಿಕ್ಕಿತು. ಮತಗಟ್ಟೆಯಲ್ಲಿ ಇಳಿಜಾರು ದಾರಿ ಇದೆ, ವೀಲ್‌ಚೇರ್ ಇದೆ, ಮತಯಂತ್ರದಲ್ಲಿ ಬ್ರೈಲ್ ಲಿಪಿ ಇದೆ.

ಅಭ್ಯರ್ಥಿಗಳಾಗಿ? ನಾಮಪತ್ರದ ಜೊತೆ ಕೊಡುವ ಫಾರಂ 26ರ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ಓದು ಎಲ್ಲವನ್ನೂ ಬರೆಯಬೇಕು. ಅಂಗವೈಕಲ್ಯದ ಬಗ್ಗೆ ಕಾಲಂ ಇಲ್ಲ. ಆದ್ದರಿಂದ "ಇಂಥವರು ಇಷ್ಟು ಜನ ನಿಂತರು, ಇಷ್ಟು ಜನ ಸೋತರು" ಎಂಬ ಅಂಕಿ ಸಿಗುವುದಿಲ್ಲ. ಯಾರಾದರೂ "ವಿಕಲಚೇತನರು ನಿಂತರೆ ಗೆಲ್ಲಲ್ಲ, ಇತಿಹಾಸ ನೋಡಿ" ಎಂದರೆ, ಯಾವ ಪಟ್ಟಿ ನೋಡಿ ಹೇಳುತ್ತಿದ್ದೀರಿ ಎಂದು ಧಾರಾಳವಾಗಿ ಕೇಳಿ.

ಒಂದು ಸೆಕೆಂಡಿನ ತೀರ್ಪು

ಈಗ ಮತದಾರರ ಮನಸ್ಸಿಗೆ ಬರೋಣ. 2005ರಲ್ಲಿ ಅಲೆಕ್ಸಾಂಡರ್ ಟೊಡೊರೊವ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅಮೆರಿಕದ ಸೆನೆಟ್ ಚುನಾವಣೆಗಳ ಅಭ್ಯರ್ಥಿಗಳ ಮುಖಗಳನ್ನು, ಅವರ ಪರಿಚಯವೇ ಇಲ್ಲದ ಜನರಿಗೆ ತೋರಿಸಿ "ಇವರಿಬ್ಬರಲ್ಲಿ ಯಾರು ಹೆಚ್ಚು ಸಮರ್ಥರು ಅನ್ನಿಸುತ್ತದೆ?" ಎಂದು ಕೇಳಿದರು. ಜನ ಆರಿಸಿದ ಮುಖವೇ ಸುಮಾರು ಶೇ 70ರಷ್ಟು ಸ್ಪರ್ಧೆಗಳಲ್ಲಿ ಗೆದ್ದಿತ್ತು. ಒಂದು ಸೆಕೆಂಡು ನೋಡಿದರೂ ಜನರ ತೀರ್ಪಿಗೂ ಫಲಿತಾಂಶಕ್ಕೂ ನಂಟಿತ್ತು.

ಅಂದರೆ ನಾವು ಮೊದಲು ನೋಡಿ ತೀರ್ಮಾನಿಸುತ್ತೇವೆ, ಆಮೇಲೆ ಕಾರಣ ಹುಡುಕುತ್ತೇವೆ. ಅಂಗವೈಕಲ್ಯ ಕಣ್ಣಿಗೆ ಕಾಣುವ ಸಂಗತಿಯಾದರೆ ಏನಾಗುತ್ತದೆ? ಅಂಗವೈಕಲ್ಯದ ಮನಶ್ಶಾಸ್ತ್ರದ ಬಗ್ಗೆ 1960ರಲ್ಲಿ ಪುಸ್ತಕ ಬರೆದ ಬೀಟ್ರಿಸ್ ರೈಟ್ ಇದನ್ನು 'ಹರಡುವಿಕೆ' ಎಂದು ವಿವರಿಸಿದರು. ಕಾಲಿನ ತೊಂದರೆ ನೋಡುವವರ ಮನಸ್ಸಿನಲ್ಲಿ ಇಡೀ ಮನುಷ್ಯನ ಮೇಲೆ ಹರಡಿಕೊಳ್ಳುತ್ತದೆ. ಕಣ್ಣು ಕಾಣದವರ ಜೊತೆ ನಾವು ಜೋರಾಗಿ ಮಾತಾಡುತ್ತೇವೆ, ಅವರ ಕಿವಿ ಚೆನ್ನಾಗಿಯೇ ಇದ್ದರೂ. ವೀಲ್‌ಚೇರಿನಲ್ಲಿ ಇರುವವರ ಮುಂದೆಯೇ "ಇವರಿಗೆ ಕಾಫಿ ಬೇಕಂತಾ?" ಎಂದು ಪಕ್ಕದವರನ್ನು ಕೇಳುತ್ತೇವೆ.

ವಿಜ್ಞಾನದ ದೃಷ್ಟಿಯಲ್ಲಿ ಈ ಹರಡುವಿಕೆಗೆ ಆಧಾರ ಇಲ್ಲ. ಪೋಲಿಯೊ ವೈರಸ್ ಮುಖ್ಯವಾಗಿ ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳನ್ನು ಹಾಳುಮಾಡುತ್ತದೆ. ಹಾಗಾಗಿ ಕಾಲು ಸೊರಗುತ್ತದೆ, ಬುದ್ಧಿ ಅಲ್ಲ. ಪಾರ್ಶ್ವವಾಯುವಿನಲ್ಲಿ ಮಿದುಳಿನ ಯಾವ ಭಾಗಕ್ಕೆ ಪೆಟ್ಟು ಬಿತ್ತು ಎಂಬುದರ ಮೇಲೆ ಎಲ್ಲ ನಿಂತಿದೆ. ಒಬ್ಬರಿಗೆ ಕೈ ಸ್ವಾಧೀನ ತಪ್ಪಬಹುದು, ಇನ್ನೊಬ್ಬರಿಗೆ ಮಾತು ತೊದಲಬಹುದು. ಮಾತು ತೊದಲಿದ ಮಾತ್ರಕ್ಕೆ ಯೋಚನೆ ನಿಂತಿದೆ ಎಂದು ಹೇಳಲಾಗದು.

ನಮ್ಮ ಭಾಷೆಯಲ್ಲೂ ಈ ಹರಡುವಿಕೆ ಇದೆ. ಕುಂಟು ನೆಪ, ಕುರುಡು ನಂಬಿಕೆ, ಕಿವುಡು ಸರ್ಕಾರ, ಮೂಕ ಪ್ರೇಕ್ಷಕ ಎನ್ನುತ್ತೇವೆ. ಮಗನ ತಪ್ಪಿಗೆ ಸುಮ್ಮನಿರುವ ನಾಯಕನನ್ನು ಧೃತರಾಷ್ಟ್ರ ಎನ್ನುತ್ತೇವೆ. ಧೃತರಾಷ್ಟ್ರನ ತಪ್ಪು ಮಗನ ಮೇಲಿನ ಮೋಹ, ಕಣ್ಣಲ್ಲ. ಆದರೆ ಮಾತಿನಲ್ಲಿ ಉಳಿದದ್ದು ಕಣ್ಣೇ.

2023ರ ಡಿಸೆಂಬರ್‌ನಲ್ಲಿ ಚುನಾವಣಾ ಆಯೋಗ ಇದೇ ವಿಷಯಕ್ಕೆ ಪಕ್ಷಗಳಿಗೆ ಸೂಚನೆ ಹೊರಡಿಸಿತು. ಕುರುಡ, ಕಿವುಡ, ಕುಂಟ, ಮೂಗ, ಹುಚ್ಚ ಎಂಬರ್ಥದ ಪದಗಳನ್ನು ಪ್ರಚಾರದಲ್ಲಿ ಬೈಗುಳವಾಗಿ ಬಳಸಬೇಡಿ ಎಂದಿತು. ಅಂಗವೈಕಲ್ಯ ಇರುವವರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಜೈಲು ಶಿಕ್ಷೆ ಇದೆ.

'ಪಾಪ' ಎನ್ನುವುದೂ ಪೂರ್ವಗ್ರಹವೇ

2002ರಲ್ಲಿ ಸೂಸನ್ ಫಿಸ್ಕ್ ಮತ್ತು ಸಂಗಡಿಗರು ತೋರಿಸಿದಂತೆ, ನಾವು ಅಪರಿಚಿತರನ್ನು ಎರಡು ತಕ್ಕಡಿಯಲ್ಲಿ ತೂಗುತ್ತೇವೆ. ಒಂದು, ಇವರು ಒಳ್ಳೆಯವರೇ? ಎರಡು, ಇವರು ಕೆಲಸಕ್ಕೆ ಬರುತ್ತಾರೆಯೇ? ಅಂಗವೈಕಲ್ಯ ಇರುವವರಿಗೂ ವಯಸ್ಸಾದವರಿಗೂ ಜನ ಮೊದಲ ತಕ್ಕಡಿಯಲ್ಲಿ ಹೆಚ್ಚು, ಎರಡನೆಯದರಲ್ಲಿ ಕಡಿಮೆ ಕೊಡುತ್ತಾರೆ. ಇದರ ಫಲವೇ 'ಪಾಪ' ಎಂಬ ಭಾವನೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳನ್ನು ನೆನೆಯಿರಿ. ಕಣ್ಣು ಕಾಣದ ಗವಾಯಿಗಳಿಗೆ ನಾಡು ಕೈ ಮುಗಿಯಿತು, 2010ರಲ್ಲಿ ಪದ್ಮಭೂಷಣ ಬಂತು. ಸಂಗೀತ, ಭಕ್ತಿ, ತ್ಯಾಗದ ಜಾಗದಲ್ಲಿ ಅಂಗವೈಕಲ್ಯವನ್ನು ಒಪ್ಪಿಕೊಳ್ಳಲು ನಮಗೆ ಕಷ್ಟವಿಲ್ಲ. ಅದೇ ವ್ಯಕ್ತಿಯ ಕೈಗೆ ಅನುದಾನ ಹಂಚುವ, ಅಧಿಕಾರಿಗೆ ಆದೇಶ ಕೊಡುವ ಅಧಿಕಾರ ಎಂದ ಕೂಡಲೇ ಅನುಮಾನ ಶುರುವಾಗುತ್ತದೆ.

ಮತದಾರರನ್ನೇ ಕೇಳಿದಾಗ

ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಸ್ಟೆಫನಿ ರೆಹರ್ ಈ ಪ್ರಶ್ನೆಯನ್ನು ನೇರವಾಗಿ ಮತದಾರರ ಮುಂದಿಟ್ಟರು. ಬ್ರಿಟನ್ ಮತ್ತು ಅಮೆರಿಕದಲ್ಲಿ ಸುಮಾರು 6,000 ಜನರಿಗೆ ಕಾಲ್ಪನಿಕ ಅಭ್ಯರ್ಥಿಗಳ ವಿವರ ಕೊಟ್ಟು ಅಭಿಪ್ರಾಯ ಕೇಳಿದರು. ಕೆಲವರಿಗೆ ಕೊಟ್ಟ ವಿವರದಲ್ಲಿ ಅಂಗವೈಕಲ್ಯದ ಉಲ್ಲೇಖ ಇತ್ತು, ಕೆಲವರಿಗೆ ಇರಲಿಲ್ಲ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು.

ಅಂಗವೈಕಲ್ಯ ಇರುವ ಅಭ್ಯರ್ಥಿಗಳು ಹೆಚ್ಚು ಕರುಣೆ ಉಳ್ಳವರು ಎಂದು ಜನ ಭಾವಿಸಿದರು. ಆರೋಗ್ಯ, ಸಮಾಜ ಕಲ್ಯಾಣದ ವಿಷಯಗಳಲ್ಲಿ ಹೆಚ್ಚು ಕಾಳಜಿ ಇರುವವರು, ರಾಜಕೀಯವಾಗಿ ಸ್ವಲ್ಪ ಎಡಕ್ಕೆ ವಾಲಿದವರು ಎಂದೂ ಊಹಿಸಿದರು. ಇದೂ ಅಚ್ಚು ಹಾಕಿದ ಕಲ್ಪನೆಯೇ. ವೀಲ್‌ಚೇರಿನಲ್ಲಿ ಕುಳಿತವರೆಲ್ಲ ಆಸ್ಪತ್ರೆ ಬಗ್ಗೆಯೇ ಯೋಚಿಸುತ್ತಾರೆ ಎಂದು ಯಾರು ಹೇಳಿದರು? ಆದರೆ "ಜನ ಒಪ್ಪಲ್ಲ" ಎಂಬ ಮಾತಿನ ಚಿತ್ರಕ್ಕಿಂತ ಇದು ತೀರಾ ಬೇರೆ.

ಬ್ರಿಟನ್ನಿನ ಮತದಾರರ ಉತ್ತರವನ್ನು ನೇರವಾಗಿ ಶಿಕಾರಿಪುರಕ್ಕೆ ತಂದು ಅಂಟಿಸುವಂತಿಲ್ಲ. ನಮ್ಮಲ್ಲಿ ಜಾತಿ, ಪಕ್ಷ, ಮನೆತನ ಎಲ್ಲಕ್ಕಿಂತ ಮುಂದೆ ನಿಲ್ಲುತ್ತವೆ. 2023ರಲ್ಲಿ ಸೊರಬದ ಕಣದಲ್ಲಿ ಇದ್ದವರು ಎಸ್. ಬಂಗಾರಪ್ಪ ಅವರ ಇಬ್ಬರು ಮಕ್ಕಳು, ಶಿಕಾರಿಪುರದಲ್ಲಿ ಗೆದ್ದವರು ಬಿ.ಎಸ್. ಯಡಿಯೂರಪ್ಪ ಅವರ ಮಗ. ಇಂಥ ಕಡೆ ಕಾಲು ಸರಿ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಬರುವ ಮೊದಲೇ ಬೇರೆ ಹತ್ತು ಲೆಕ್ಕಾಚಾರ ಮುಗಿದಿರುತ್ತದೆ. ಇದರ ಇನ್ನೊಂದು ಮುಖವೂ ಇದೆ: ಪಕ್ಷ, ಬೆಂಬಲ ಗಟ್ಟಿ ಇದ್ದರೆ ಅಂಗವೈಕಲ್ಯವೊಂದೇ ಯಾರನ್ನೂ ಸೋಲಿಸುವುದಿಲ್ಲ.

ಗೆದ್ದವರು ಇದ್ದಾರೆ

ಎಸ್. ಜೈಪಾಲ್ ರೆಡ್ಡಿ: ಒಂದೂವರೆ ವರ್ಷದ ಮಗುವಾಗಿದ್ದಾಗ ಪೋಲಿಯೊ. ಊರುಗೋಲಿನ ಬಲದಲ್ಲಿ ನಡೆಯುತ್ತಿದ್ದರು. ನಮ್ಮ ರಾಯಚೂರಿನ ಗಡಿಗೆ ಹೊಂದಿಕೊಂಡಿದ್ದ ಮೆಹಬೂಬ್‌ನಗರ ಜಿಲ್ಲೆಯ ಕಲ್ವಕುರ್ತಿಯಿಂದ 1969ರಿಂದ 1984ರವರೆಗೆ ಶಾಸಕ. 1980ರಲ್ಲಿ ಮೇದಕ್‌ನಲ್ಲಿ ಇಂದಿರಾ ಗಾಂಧಿ ವಿರುದ್ಧವೇ ನಿಂತು ಸೋತರು. ಆಮೇಲೆ ಹಲವು ಬಾರಿ ಲೋಕಸಭೆಗೆ ಗೆದ್ದು ಕೇಂದ್ರ ಸಚಿವರಾದರು. 1998ರಲ್ಲಿ ಉತ್ತಮ ಸಂಸದೀಯ ಪಟು ಪ್ರಶಸ್ತಿ ಬಂತು. ಅವರ ಬಗ್ಗೆ ಮಾತು ಬಂದಾಗ ಜನ ನೆನೆಯುತ್ತಿದ್ದುದು ಅವರ ಭಾಷಣವನ್ನು, ಕೋಲನ್ನಲ್ಲ.

ಸಾಧನ್ ಗುಪ್ತ: ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ವಕೀಲರು. 1953ರಲ್ಲಿ ಕಲ್ಕತ್ತಾದ ಉಪಚುನಾವಣೆಯಲ್ಲಿ ಗೆದ್ದು ಸ್ವತಂತ್ರ ಭಾರತದ ಮೊದಲ ಅಂಧ ಸಂಸದರಾದರು. ಮುಂದೆ ಪಶ್ಚಿಮ ಬಂಗಾಳದ ಅಡ್ವೊಕೇಟ್ ಜನರಲ್ ಕೂಡ ಆದರು.

ಯಮುನಾ ಪ್ರಸಾದ್ ಶಾಸ್ತ್ರಿ: ಮಧ್ಯಪ್ರದೇಶದ ರೀವಾದ ಅಂಧ ನಾಯಕ. 1977ರಲ್ಲಿ ಸೋಲಿಸಿದ್ದು ಯಾರನ್ನು ಗೊತ್ತೇ? ಅದೇ ರೀವಾದ ಮಹಾರಾಜರನ್ನು.

ಅಜಿತ್ ಜೋಗಿ: 2004ರ ಲೋಕಸಭಾ ಪ್ರಚಾರದ ನಡುವೆಯೇ ರಸ್ತೆ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆ ಚುನಾವಣೆ ಗೆದ್ದರು. ಅದು ಅನುಕಂಪ ಎನ್ನಬಹುದು. ಆದರೆ 14 ವರ್ಷ ಕಳೆದ ಮೇಲೆ 2018ರಲ್ಲಿ ವೀಲ್‌ಚೇರಿನಲ್ಲೇ ಪ್ರಚಾರ ಮಾಡಿ, ತಾವೇ ಕಟ್ಟಿದ ಹೊಸ ಪಕ್ಷದಿಂದ ಛತ್ತೀಸಗಢದ ಮರವಾಹಿಯಲ್ಲಿ ಗೆದ್ದರಲ್ಲ, ಅದನ್ನು ಏನೆನ್ನೋಣ?

ಈ ನಾಲ್ವರೂ ಬೇರೆ ಬೇರೆ ರಾಜ್ಯ, ಬೇರೆ ಬೇರೆ ಪಕ್ಷ, ಬೇರೆ ಬೇರೆ ಕಾಲದವರು. ನಾಲ್ಕು ಉದಾಹರಣೆಯಿಂದ "ಎಲ್ಲರೂ ಗೆಲ್ಲುತ್ತಾರೆ" ಎಂದು ಸಾಧಿಸಲಾಗದು. ಆದರೆ "ಜನ ಒಪ್ಪಲ್ಲ" ಎಂಬುದು ನಿಯಮವಲ್ಲ ಎನ್ನಲು ಸಾಕು.

1990ರ ಅಕ್ಟೋಬರ್: ಸೊರಬ ಮರೆಯದ ತಿಂಗಳು

1989ರ ಚುನಾವಣೆಯಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದು ವೀರೇಂದ್ರ ಪಾಟೀಲ್ ಮುಖ್ಯಮಂತ್ರಿಯಾದರು. ಮರುವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಅದೇ ವೇಳೆ ರಾಜ್ಯದ ಕೆಲವೆಡೆ ಕೋಮುಗಲಭೆಯೂ ಆಯಿತು. ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಬೆಂಗಳೂರಿಗೆ ಬಂದು, ನಾಯಕತ್ವ ಬದಲಾಗುತ್ತದೆ ಎಂದು ವಿಮಾನ ನಿಲ್ದಾಣದಲ್ಲೇ ಘೋಷಿಸಿ ಹೊರಟರು. ಅಕ್ಟೋಬರ್ 10ರಿಂದ ಒಂದು ವಾರ ರಾಷ್ಟ್ರಪತಿ ಆಳ್ವಿಕೆ. 17ರಂದು ಸೊರಬದ ಶಾಸಕ ಎಸ್. ಬಂಗಾರಪ್ಪ ಮುಖ್ಯಮಂತ್ರಿ. ನಮ್ಮ ಕಡೆ ಹಳಬರು ಈಗಲೂ ಆ ದಿನದ ಸಂಭ್ರಮ ಹೇಳುತ್ತಾರೆ.

ಆದರೆ ಕತೆಯನ್ನು ಇನ್ನೊಂದು ಬದಿಯಿಂದ ನೋಡಿ. ಕಾಯಿಲೆ ಬಿದ್ದ ಮುಖ್ಯಮಂತ್ರಿ ಎಷ್ಟು ದಿನದಲ್ಲಿ ಚೇತರಿಸಿಕೊಳ್ಳಬಹುದು, ಯಾವ ಕೆಲಸ ಮಾಡಬಲ್ಲರು ಎಂಬುದು ರಾಜ್ಯದ ಜನರ ಮುಂದೆ ಚರ್ಚೆಗೆ ಬರಲೇ ಇಲ್ಲ. ಬದಲಾವಣೆ ಸರಿಯೋ ತಪ್ಪೋ ಎಂಬ ವಾದ ಬೇರೆ, ಅದಕ್ಕೆ ರಾಜಕೀಯ ಕಾರಣಗಳೂ ಇದ್ದವು. ಇಲ್ಲಿ ಹೇಳಬೇಕಾದದ್ದು ಇಷ್ಟೇ: ತೀರ್ಮಾನ ಆದದ್ದು ಮತದಾರರ ನಡುವೆ ಅಲ್ಲ, ಹೈಕಮಾಂಡಿನಲ್ಲಿ.

ಅದೇ ವಾರ, 1990ರ ಅಕ್ಟೋಬರ್ 12ರಂದು, ಜರ್ಮನಿಯ ಗೃಹಸಚಿವ ವೋಲ್ಫ್‌ಗಾಂಗ್ ಷೊಯಿಬ್ಲೆ ಮೇಲೆ ಚುನಾವಣಾ ಸಭೆಯಲ್ಲಿ ಗುಂಡಿನ ದಾಳಿ ನಡೆಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಡಿಸೆಂಬರ್‌ನ ಚುನಾವಣೆಯಲ್ಲಿ ಅವರ ಕ್ಷೇತ್ರದ ಜನ ಅವರನ್ನೇ ಗೆಲ್ಲಿಸಿದರು. ಕೆಲವೇ ತಿಂಗಳಲ್ಲಿ ವೀಲ್‌ಚೇರಿನಲ್ಲಿ ಕೆಲಸಕ್ಕೆ ಮರಳಿದರು. 2009ರಿಂದ 2017ರವರೆಗೆ ಹಣಕಾಸು ಸಚಿವರು, ಆಮೇಲೆ ಸಂಸತ್ತಿನ ಅಧ್ಯಕ್ಷರು. 2023ರಲ್ಲಿ ತೀರಿಕೊಳ್ಳುವವರೆಗೂ ಸಂಸದರಾಗಿದ್ದರು. ಪಾರ್ಶ್ವವಾಯುವೂ ಬೆನ್ನುಹುರಿಯ ಪೆಟ್ಟೂ ಒಂದೇ ಅಲ್ಲ, ಆ ಎರಡು ದೇಶಗಳ ರಾಜಕೀಯವೂ ಒಂದೇ ಅಲ್ಲ. ಆದರೆ ಕಾಯಿಲೆ ಅಥವಾ ಪೆಟ್ಟು ಬಿದ್ದ ಕೂಡಲೇ ಕತೆ ಮುಗಿಯಬೇಕೆಂದೇನೂ ಇಲ್ಲ ಎನ್ನುವುದಕ್ಕೆ ಇದೊಂದು ಸಾಕ್ಷಿ.

ವಯಸ್ಸಿನ ವಿಷಯದಲ್ಲಿ ಶಿಕಾರಿಪುರಕ್ಕೂ ಇಂಥದೇ ಅನುಭವ ಇದೆ. 2018ರಲ್ಲಿ 75 ವರ್ಷದ ಯಡಿಯೂರಪ್ಪ ಅವರನ್ನು ಕ್ಷೇತ್ರ ಮತ್ತೆ ಗೆಲ್ಲಿಸಿತು. 2021ರ ಜುಲೈ 26ರಂದು ಅವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಾಗ ಎಲ್ಲೆಡೆ ಕೇಳಿಬಂದದ್ದು 75 ದಾಟಿದವರಿಗೆ ಹುದ್ದೆ ಇಲ್ಲ ಎಂಬ ಪಕ್ಷದ ಅಲಿಖಿತ ನಿಯಮ. ವಯಸ್ಸು ಅಂಗವೈಕಲ್ಯ ಅಲ್ಲ. ಆದರೆ 'ಇವರ ಕೈಲಿ ಆಗುತ್ತದೆಯೇ' ಎಂಬ ಪ್ರಶ್ನೆಗೆ ಮತದಾರರ ಉತ್ತರವೂ ಪಕ್ಷದ ಉತ್ತರವೂ ಬೇರೆ ಬೇರೆ ಇರಬಹುದು.

'ಓಡಾಡುವವರು' ಬೇಕು ಎಂಬ ಮಾತು

ನಮ್ಮ ಕಡೆ ಒಳ್ಳೆಯ ಮೆಂಬರ್ ಅಂದರೆ ಯಾರು? "ನಮ್ ಕೆಲಸಕ್ಕೆ ಓಡಾಡ್ತಾರೆ" ಎನಿಸಿಕೊಂಡವರು. ಬಗರ್‌ಹುಕುಂ ಫೈಲಿಗೆ ತಾಲ್ಲೂಕು ಕಚೇರಿಗೆ ಬರಬೇಕು, ಮದುವೆಗೆ ಬರಬೇಕು, ಸಾವಿಗೆ ಬರಬೇಕು, ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಫೋನ್ ಎತ್ತಬೇಕು. ಮಲೆನಾಡಿನ ಮಳೆಗಾಲದಲ್ಲಿ, ದೂರ ದೂರದ ಮನೆಗಳಲ್ಲಿ ಇರುವ ಜನರ ಈ ನಿರೀಕ್ಷೆ ತಪ್ಪಲ್ಲ. ನನ್ನ ಮಾವನ ಬಗ್ಗೆ ಎದ್ದ ಅನುಮಾನದ ಬೇರು ಇಲ್ಲಿದೆ ಅನ್ನಿಸುತ್ತದೆ.

ಆದರೆ ಇಲ್ಲಿ ಒಂದು ಪ್ರಶ್ನೆಯ ಜಾಗಕ್ಕೆ ಸದ್ದಿಲ್ಲದೆ ಇನ್ನೊಂದು ಬಂದು ಕೂತಿದೆ. 'ನಮ್ಮ ಕೆಲಸ ಆಗುತ್ತದೆಯೇ?' ಎಂಬುದು ಕಷ್ಟದ ಪ್ರಶ್ನೆ, ಉತ್ತರಕ್ಕೆ ಐದು ವರ್ಷ ಬೇಕು. 'ಇವರು ಸರಿಯಾಗಿ ನಡೆಯುತ್ತಾರೆಯೇ?' ಎಂಬುದು ಸುಲಭದ ಪ್ರಶ್ನೆ, ಕಣ್ಣೆತ್ತಿ ನೋಡಿದರೆ ಸಾಕು. ಮನಸ್ಸು ಸುಲಭದ್ದಕ್ಕೆ ಉತ್ತರ ಕೊಟ್ಟು, ಕಷ್ಟದ್ದಕ್ಕೇ ಕೊಟ್ಟೆ ಎಂದುಕೊಳ್ಳುತ್ತದೆ.

ಪಂಚಾಯಿತಿ ಸದಸ್ಯರ ಕೆಲಸ ಏನು? ಕ್ರಿಯಾಯೋಜನೆ ಓದಬೇಕು, ಸಭೆಯಲ್ಲಿ ಪಿಡಿಒ ಅವರನ್ನು ಪ್ರಶ್ನೆ ಕೇಳಬೇಕು, ಮನೆ ಹಂಚಿಕೆಯಲ್ಲಿ ಅರ್ಹರ ಹೆಸರು ಬಿಟ್ಟುಹೋಗದಂತೆ ನೋಡಬೇಕು, ಉದ್ಯೋಗ ಖಾತ್ರಿಯ ಬಿಲ್ಲು ಎಲ್ಲಿ ನಿಂತಿದೆ ಎಂದು ಬೆನ್ನುಹತ್ತಬೇಕು. ಇದರಲ್ಲಿ ಕಾಲಿನ ಕೆಲಸಕ್ಕಿಂತ ತಲೆಯ ಮತ್ತು ಬಾಯಿಯ ಕೆಲಸವೇ ಹೆಚ್ಚು.

ಓಡಾಟದ ಮಾತಿಗೂ ನಮ್ಮ ಮುಂದೆಯೇ ಉತ್ತರ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಊರಿನಲ್ಲಿ ವಿಆರ್‌ಡಬ್ಲ್ಯೂ ಎಂದರೆ ಗೊತ್ತಾಗುತ್ತದೆ. ಅಂಗವೈಕಲ್ಯ ಇರುವವರನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡುವುದು, ಪಿಂಚಣಿ, ಗುರುತಿನ ಚೀಟಿಗೆ ಅರ್ಜಿ ಹಾಕಿಸುವುದು ಅವರ ಕೆಲಸ. ಅಲ್ಪ ಗೌರವಧನಕ್ಕೆ ಊರೂರು ತಿರುಗುವ ಕೆಲಸಕ್ಕೆ ಆಗುವವರು, ಮತ ಕೇಳಲು ಬಂದಾಗ ಮಾತ್ರ ಓಡಾಡಲಾಗದವರು ಹೇಗಾಗುತ್ತಾರೆ?

ನಿಜವಾದ ಅಡ್ಡಿಗಳು ಬೇರೆ ಇವೆ. ಮೆಟ್ಟಿಲಿರುವ ಕಚೇರಿ, ಪ್ರಚಾರಕ್ಕೆ ವಾಹನ, ಜೊತೆಗೊಬ್ಬ ಸಹಾಯಕ, ಕಿವಿ ಕೇಳದವರಿಗೆ ಸನ್ನೆ ಭಾಷೆಯ ಅನುವಾದಕ: ಇವೆಲ್ಲ ಹೆಚ್ಚಿನ ಖರ್ಚು. ಇಂಗ್ಲೆಂಡಿನಲ್ಲಿ 2012ರಿಂದ 2015ರವರೆಗೆ ಇಂಥ ಖರ್ಚಿಗೆಂದೇ ಸರ್ಕಾರದ ನಿಧಿ ಇತ್ತು. ಉಗಾಂಡ ಸಂಸತ್ತಿನಲ್ಲಿ ಅಂಗವೈಕಲ್ಯ ಇರುವವರಿಗೆ 5 ಸ್ಥಾನ ಮೀಸಲು. ತಮಿಳುನಾಡು 2025ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಿಕಲಚೇತನರನ್ನು ನಾಮನಿರ್ದೇಶನ ಮಾಡುವ ಮಸೂದೆಗಳನ್ನು ಅಂಗೀಕರಿಸಿತು.

ಹಾಗಾದರೆ ಅನುಕಂಪಕ್ಕೆ ಮತ ಹಾಕಬೇಕೇ?

ಬೇಡ. ಅಂಗವೈಕಲ್ಯ ಇದ್ದ ಮಾತ್ರಕ್ಕೆ ಯಾರೂ ಪ್ರಾಮಾಣಿಕರಾಗುವುದಿಲ್ಲ. 'ಪಾಪ, ಒಂದು ಅವಕಾಶ ಕೊಡೋಣ' ಎಂದು ಗೆಲ್ಲಿಸಿದವರಿಂದ ಲೆಕ್ಕ ಕೇಳಲು ನಾವೇ ಸಂಕೋಚಪಡುತ್ತೇವೆ. ಅನುಕಂಪ ಯಾವಾಗಲೂ ಮತವಾಗುತ್ತದೆ ಎಂಬುದಕ್ಕೂ ಖಾತ್ರಿ ಇಲ್ಲ. 2021ರಲ್ಲಿ ನಂದಿಗ್ರಾಮದಲ್ಲಿ ಕಾಲಿಗೆ ಪೆಟ್ಟಾದ ಮೇಲೆ ಮಮತಾ ಬ್ಯಾನರ್ಜಿ ವೀಲ್‌ಚೇರಿನಲ್ಲಿ ಪ್ರಚಾರ ಮಾಡಿದರು. ಅದು ಅನುಕಂಪದ ನಾಟಕ ಎಂದು ವಿರೋಧಿಗಳು ದೂರಿದರು. ಅವರ ಪಕ್ಷ ರಾಜ್ಯ ಗೆದ್ದಿತು, ಆದರೆ ಅವರೇ ನಂದಿಗ್ರಾಮದಲ್ಲಿ ಸೋತರು.

ಇಂಥ ವೇಳೆ ಬರುವ ಒಂದು ಬಗೆಯ ವಿಡಿಯೊ ಬಗ್ಗೆ ಎಚ್ಚರ ಇರಲಿ. ವೀಲ್‌ಚೇರಿನಲ್ಲಿ ಇದ್ದವರು ಎದ್ದು ನಿಂತದ್ದನ್ನು ತೋರಿಸಿ "ನಾಟಕ ಬಯಲು" ಎನ್ನುವುದು. ವೀಲ್‌ಚೇರ್ ಬಳಸುವ ಹಲವರು ಸ್ವಲ್ಪ ಹೊತ್ತು ನಿಲ್ಲಬಲ್ಲರು, ನಾಲ್ಕು ಹೆಜ್ಜೆ ಇಡಬಲ್ಲರು. ನೋವು, ಸುಸ್ತು, ಬೀಳುವ ಭಯದಿಂದ ದೂರ ಹೋಗಲು ಗಾಲಿಕುರ್ಚಿ ಬೇಕಾಗುತ್ತದೆ. ಎದ್ದು ನಿಂತದ್ದು ಸುಳ್ಳಿಗೆ ಸಾಕ್ಷಿಯಲ್ಲ.

ಅಭ್ಯರ್ಥಿಯ ಆರೋಗ್ಯದ ಬಗ್ಗೆ ಕೇಳುವುದು ತಪ್ಪೇ? ಅಲ್ಲ. ಹುದ್ದೆಯ ಕೆಲಸಕ್ಕೆ ತೊಡಕಾಗುವ ಕಾಯಿಲೆ ಇದ್ದರೆ ತಿಳಿಯುವ ಹಕ್ಕು ಮತದಾರರಿಗೆ ಇದೆ. ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ ಕಾಲಿನ ಬಲ ಕಳೆದುಕೊಂಡು, 1932ರಿಂದ ನಾಲ್ಕು ಸಲ ಅಧ್ಯಕ್ಷರಾಗಿ ಗೆದ್ದರು. ಆದರೆ ವೀಲ್‌ಚೇರ್ ಫೋಟೊದಲ್ಲಿ ಬೀಳದಂತೆ ನೋಡಿಕೊಂಡರು. ಅದೇ ದೇಶದ ಜಾನ್ ಫೆಟರ್‌ಮನ್‌ಗೆ 2022ರ ಮೇ ತಿಂಗಳಲ್ಲಿ ಪಾರ್ಶ್ವವಾಯು ಹೊಡೆಯಿತು. ಅಕ್ಟೋಬರ್‌ನ ಟಿವಿ ಚರ್ಚೆಯಲ್ಲಿ ಪ್ರಶ್ನೆಗಳನ್ನು ಪರದೆ ಮೇಲೆ ಅಕ್ಷರದಲ್ಲಿ ಓದಿಕೊಂಡು, ತಡವರಿಸುತ್ತಲೇ ಉತ್ತರ ಕೊಟ್ಟರು. ನವೆಂಬರ್‌ನಲ್ಲಿ ಸೆನೆಟ್ ಚುನಾವಣೆ ಗೆದ್ದರು. ಮುಚ್ಚಿಡದೆಯೂ ಗೆಲ್ಲಬಹುದು ಎಂಬಷ್ಟು ಕಾಲ ಬದಲಾಗಿದೆ.

ಕಂಡ ಮೇಲೆ ಬದಲಾಗುವ ಮನಸ್ಸು

ಪೂರ್ವಗ್ರಹ ಹೋಗುವುದು ಹೇಗೆ? ಇದಕ್ಕೆ ಭಾರತದ್ದೇ ಒಂದು ಒಳ್ಳೆಯ ಸಾಕ್ಷಿ ಇದೆ, ಮಹಿಳೆಯರ ವಿಷಯದಲ್ಲಿ. ನೊಬೆಲ್ ಪುರಸ್ಕೃತೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಒಂದೇ ಭಾಷಣವನ್ನು ಕೆಲವರಿಗೆ ಗಂಡಸಿನ ದನಿಯಲ್ಲಿ, ಕೆಲವರಿಗೆ ಹೆಂಗಸಿನ ದನಿಯಲ್ಲಿ ಕೇಳಿಸಿದರು. ಮಹಿಳಾ ಪ್ರಧಾನರನ್ನೇ ಕಾಣದ ಊರುಗಳ ಗಂಡಸರು ಹೆಂಗಸಿನ ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಮಹಿಳಾ ಪ್ರಧಾನರನ್ನು ಕಂಡಿದ್ದ ಊರುಗಳಲ್ಲಿ ಆ ವ್ಯತ್ಯಾಸ ಕರಗಿತ್ತು. ಎರಡು ಅವಧಿ ಕಂಡ ಊರುಗಳಲ್ಲಿ ಮೀಸಲಿಲ್ಲದ ಸ್ಥಾನಕ್ಕೂ ಮಹಿಳೆಯರು ಹೆಚ್ಚು ಗೆದ್ದರು.

ಅಂಗವೈಕಲ್ಯಕ್ಕೂ ಹೀಗೇ ಆಗುತ್ತದೆ ಎಂದು ಈ ಅಧ್ಯಯನ ಹೇಳುವುದಿಲ್ಲ. ಆದರೆ ಯಾರನ್ನು ಕುರ್ಚಿಯಲ್ಲಿ ಕಂಡೇ ಇಲ್ಲವೋ ಅವರ ಬಗ್ಗೆ ಅನುಮಾನ ಹೆಚ್ಚು, ಕಂಡ ಮೇಲೆ ಅವರ ಕೆಲಸದ ಬಗ್ಗೆ ಮಾತಾಡುತ್ತೇವೆ ಎಂಬುದು ಅರ್ಥವಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

• ಈ ಮೆಸೇಜ್ ಅಭ್ಯರ್ಥಿಯ ಕೆಲಸದ ಬಗ್ಗೆ ಇದೆಯೇ, ದೇಹದ ಬಗ್ಗೆ ಇದೆಯೇ?
• ಅಂಗವೈಕಲ್ಯದ ಮಾತು ತೆಗೆದರೆ ಮೆಸೇಜಿನಲ್ಲಿ ಏನಾದರೂ ಉಳಿಯುತ್ತದೆಯೇ?
• "ಜನ ಒಪ್ಪಲ್ಲ" ಎಂದವರು ಎಷ್ಟು ಜನರನ್ನು ಕೇಳಿದ್ದಾರೆ?
• ಇದೇ ಪ್ರಶ್ನೆಯನ್ನು ಎರಡೂ ಕಾಲು ಸರಿ ಇರುವ ಅಭ್ಯರ್ಥಿಗೂ ಕೇಳುತ್ತೀರಾ? ಕಳೆದ ಅವಧಿಯಲ್ಲಿ ಅವರು ಎಷ್ಟು ಓಡಾಡಿದರು?

ಮಾವನದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದರೆ ಪಿಂಚಣಿ ಅರ್ಜಿ, ಪಹಣಿ ತಿದ್ದುಪಡಿ, ರೇಷನ್ ಕಾರ್ಡ್ ಎಂದು ಅರ್ಧ ಊರು ಅಲ್ಲಿರುತ್ತದೆ. ವಾರಕ್ಕೆರಡು ಸಲ ತ್ರಿಚಕ್ರ ಸ್ಕೂಟರಿನಲ್ಲಿ ಸೊರಬದ ತಾಲ್ಲೂಕು ಕಚೇರಿಗೆ ಹೋಗಿ ಬರುತ್ತಾರೆ, ಹೆಚ್ಚಾಗಿ ಬೇರೆಯವರ ಫೈಲು ಹಿಡಿದು. ಎಮೋಜಿ ಹಾಕಿ ನಕ್ಕವರಲ್ಲಿ ಇಬ್ಬರ ಅರ್ಜಿಯನ್ನು ಬರೆದುಕೊಟ್ಟವರೂ ಅವರೇ.

"ಮುಂದಿನ ಸಲ ನಿಲ್ತೀರಾ ಮಾವ?" ಎಂದು ಕೇಳಿದೆ. "ನಿಲ್ಲೋದು ನನ್ನ ಕೈಲಿದೆ. ಗೆಲ್ಲಿಸೋದು ಬಿಡೋದು ಜನರಿಗೆ ಬಿಟ್ಟದ್ದು. ಅವರನ್ನ ಒಂದು ಮಾತು ಕೇಳಬೇಕಿತ್ತು, ಅಷ್ಟೇ" ಎಂದರು.